ಅಂಕಿ ಬೇರೆ, ಬೆಲೆ ಬೇರೆ

ನಿಜಾಮರ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ವರ್ತಕನಿಗೆ ಎರಡು ರೂಪಾಯಿಗಳ ಲೆಕ್ಕ ಬರಬೇಕಾಗಿತ್ತು. ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕ ಒಂದು, ಬ್ರಿಟಿಷರ ಕಲ್ದಾರ ಮತ್ತೊಂದು. ಏಳು ಹಾಲಿಗೆ ಹೆಚ್ಚುಕಡಿಮೆ ಆರು ಕಲ್ದಾರ. ಗಡಿಯಾಚೆ ಬಿಜಾಪುರದ ಪೇಟೆಗೆ ಹೋದವನು ಅಂಕಿಯನ್ನಷ್ಟೇ ನೋಡಿ ಬೆಲೆಯನ್ನು ಮರೆತರೆ ನಷ್ಟ ತಪ್ಪದು. ಆ ನಾಣ್ಯ ಇಂದಿಲ್ಲ; ಅದು ಕಲಿಸಿದ ಪಾಠ ಮಾತ್ರ ಹಳತಾಗಿಲ್ಲ.

ಈ ಮಾತು ಈಗ ನೆನಪಾಗುವುದಕ್ಕೆ ಕಾರಣವುಂಟು. ಉಳಿತಾಯದ ಹಣವನ್ನು ತಾನೇ ತೊಡಗಿಸಿ, ತಾನೇ ನೋಡಿಕೊಳ್ಳುವ ಸಾಧನಗಳು ಮೊಬೈಲಿನೊಳಗೆ ಬಂದಿವೆ. 2020ರ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು 2024ರ ಮಾರ್ಚಿಗೆ 15 ಕೋಟಿಯನ್ನು ದಾಟಿದ್ದವು. 2021ರ ನವೆಂಬರಿನಿಂದ ಸರಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿನ ಮೂಲಕ ಸಾಮಾನ್ಯನೂ ನೇರವಾಗಿ ಕೊಳ್ಳಬಹುದಾಗಿದೆ. ಸುರಪುರದ ಉಪಾಧ್ಯಾಯರೊಬ್ಬರು ದಲಾಲನನ್ನು ಅರಸಿಕೊಂಡು ದೊಡ್ಡ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಇದು ಸಣ್ಣ ಸ್ವಾತಂತ್ರ್ಯವಲ್ಲ.

ಆದರೆ ಸಾಧನ ಒದಗಿದ ಮಾತ್ರಕ್ಕೆ ವಿವೇಕ ಒದಗುವುದೆ? ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಯಂತ್ರದ ಗಣಿತದಲ್ಲಿ ತಪ್ಪಿರಲಿಲ್ಲ. ಅದು ಇಂದಿನ ಏರಿಳಿತವನ್ನು ತೋರಿಸುತ್ತದೆ. ಈ ಹಣ ಯಾವುದಕ್ಕೆ, ಎಂದಿಗೆ ಬೇಕು ಎಂದು ಕೇಳುವುದಿಲ್ಲ.

ಆ ಪ್ರಶ್ನೆ ಈ ನಾಡಿನಲ್ಲಿ ಅತಿ ಮುಖ್ಯವಾದುದು. ತೊಗರಿ, ಹತ್ತಿ, ಕೃಷ್ಣೆಯ ಕಾಲುವೆಯ ಬತ್ತ ಇವುಗಳಿಂದ ಬದುಕುವ ಮನೆಗೆ ಹಣ ಬರುವುದು ಸುಗ್ಗಿಗೆ, ಖರ್ಚು ಪ್ರತಿದಿನ. ಮುಂದಿನ ಬಿತ್ತನೆಗೆ ಬೇಕಾದುದನ್ನು ಪೇಟೆಯ ಏರಿಳಿತಕ್ಕೆ ಒಡ್ಡುವುದು ಸಲ್ಲದು. ಹತ್ತು ವರ್ಷ ಮುಟ್ಟದ ಹಣವನ್ನು ಕೇವಲ ಠೇವಣಿಯಲ್ಲಿಟ್ಟರೂ ಹಳೆಯ ಹಾಲಿ-ಕಲ್ದಾರದ ಲೆಕ್ಕವೇ ಎದುರಾಗುತ್ತದೆ: ಬಡ್ಡಿ ನೂರಕ್ಕೆ ಏಳು, ಬೆಲೆಯೇರಿಕೆ ಐದು ಎಂದಾದರೆ, ನಿಜವಾಗಿ ಉಳಿದುದು ಸುಮಾರು ಎರಡೇ.

ಇನ್ನೊಂದು ಸಂಗತಿ. ವಾರಸುದಾರರಿಲ್ಲದೆ ಬ್ಯಾಂಕುಗಳಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರಿದ ಠೇವಣಿ 2024ರ ಮಾರ್ಚಿನ ಕೊನೆಗೆ 78,213 ಕೋಟಿ ರೂಪಾಯಿ. ಅದನ್ನು ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಏರ್ಪಾಡೂ ಆಯಿತು. ಆದರೆ ಯಜಮಾನನ ಬೀಗ ಹಾಕಿದ ಮೊಬೈಲಿನಲ್ಲಿ ಏನಿತ್ತೆಂಬುದನ್ನು ಮನೆಯವರೇ ಅರಿಯದಿದ್ದರೆ ಹುಡುಕುವವರಾರು?

ಆದಕಾರಣ ಮೊಬೈಲಿನ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕವೂ ಇರಲಿ. ಯಾವ ಹಣ ಎಲ್ಲಿದೆ, ಯಾವುದಕ್ಕಾಗಿ ಇದೆ, ನಾಮನಿರ್ದೇಶನ ಯಾರ ಹೆಸರಿಗಿದೆ ಎಂಬುದನ್ನು ತಿಳಿಗನ್ನಡದಲ್ಲಿ ಬರೆದಿಡಬೇಕು; ಗುಪ್ತಪದಗಳನ್ನು ಬರೆಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯ ನಂತರ ಮನೆಮಂದಿಯೆಲ್ಲ ಕುಳಿತು ಅದನ್ನು ಓದಬೇಕು. ಒಬ್ಬನಿಗೇ ತಿಳಿದ ಲೆಕ್ಕ ಮನೆಯ ಲೆಕ್ಕವಾಗದು.