ಒಂಟಿ ಮತ

ಸಭೆಯಲ್ಲಿ ಎಲ್ಲರ ಬಾಯಿಂದಲೂ ಒಂದೇ ಮಾತು ಹೊರಟರೆ ಅದೇ ಐಕಮತ್ಯವೆಂದು ಹಿಗ್ಗುವವರುಂಟು. ಬೇರೆ ಮಾತನಾಡಿದವರನ್ನು ದೇಶದ್ರೋಹಿಗಳೆಂದು ಕರೆಯುವುದಕ್ಕೂ ಅವರು ಹಿಂಜರಿಯುವುದಿಲ್ಲ. ಅಂಥವರು ಅಮೆರಿಕದ ಜೆನೆಟ್ ರ‍್ಯಾಂಕಿನ್‌ರವರ ಚರಿತ್ರೆಯನ್ನು ಒಮ್ಮೆ ಪರ್ಯಾಲೋಚಿಸತಕ್ಕದ್ದು.

1880ರಲ್ಲಿ ಮಾಂಟಾನಾ ಪ್ರಾಂತ್ಯದಲ್ಲಿ ಜನಿಸಿದ ಈಕೆ, ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದು, 1916ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದ ಪ್ರಥಮ ಮಹಿಳೆ. 1917ರ ಏಪ್ರಿಲಿನಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರುವ ನಿರ್ಣಯಕ್ಕೆ ಪ್ರತಿನಿಧಿ ಸಭೆಯಲ್ಲಿ 373 ಮಂದಿ ಅನುಕೂಲವಾಗಿಯೂ 50 ಮಂದಿ ಪ್ರತಿಕೂಲವಾಗಿಯೂ ಮತವಿತ್ತರು. ಆ ಐವತ್ತರಲ್ಲಿ 49 ಮಂದಿ ಗಂಡಸರೇ. ಆದರೂ ಹೆಣ್ಣಿನ ಮನಸ್ಸು ರಾಜಕಾರ್ಯಕ್ಕೆ ತಕ್ಕುದಲ್ಲವೆಂಬ ಆಕ್ಷೇಪಕ್ಕೆ ಆಕೆಯೇ ಗುರಿಯಾದರು. ಇದು ಯಾವ ನ್ಯಾಯ?

1940ರಲ್ಲಿ ಆಕೆ ಪುನಃ ಚುನಾಯಿತರಾದರು. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರಿನ ಮೇಲೆ ಜಪಾನು ಎರಗಿದ ಮರುದಿನ, ಸೆನೆಟ್ಟಿನ 82 ಮಂದಿ ಒಮ್ಮತದಿಂದ ಯುದ್ಧಕ್ಕೆ ಒಪ್ಪಿದರು. ಪ್ರತಿನಿಧಿ ಸಭೆಯಲ್ಲಿ ಒಪ್ಪಿದವರು 388, ಒಲ್ಲೆನೆಂದವರು ರ‍್ಯಾಂಕಿನ್‌ರೊಬ್ಬರೇ. ಸಭೆಯು ಛೀ ಎಂದಿತು. ಹೊರಗೆ ಗುಂಪು ಮುತ್ತಿದಾಗ ಆಕೆ ಟೆಲಿಫೋನಿನ ಗೂಡನ್ನು ಹೊಕ್ಕು, ಪೊಲೀಸರ ಕಾವಲಿನಲ್ಲಿ ಹಿಂದಿರುಗಬೇಕಾಯಿತು.

ಮನೆಗೆ ಬೆಂಕಿ ಬಿದ್ದಾಗ ನೀರು ಬೇಡವೆನ್ನಬಹುದೆ ಎಂದು ಕೇಳುವರು. ಪ್ರಶ್ನೆಯು ಬಲವಾದುದೇ ಸರಿ. ದಾಳಿಗೆ ತುತ್ತಾದ ದೇಶವು ಕೈಕಟ್ಟಿ ಕುಳಿತಿರಬೇಕಾಗಿದ್ದಿತೆಂದು ಸಾಧಿಸುವುದು ಸುಲಭವಲ್ಲ. ಆದರೆ ಆಕೆಯ ತೀರ್ಮಾನವು ತಪ್ಪೆಂದೇ ಇಟ್ಟುಕೊಂಡರೂ, ತಪ್ಪೆಂದು ತೋರುವ ಮತವನ್ನು ಕೊಡುವ ಸ್ವಾತಂತ್ರ್ಯವಿಲ್ಲದ ಸಭೆಯಲ್ಲಿ ಮತಗಳನ್ನು ಎಣಿಸುವುದಾದರೂ ಏತಕ್ಕೆ? ಒಬ್ಬರಿಗೆ ಇಲ್ಲವೆನ್ನಲು ಸಾಧ್ಯವಾದುದರಿಂದಲೇ ಉಳಿದ 388 ಮಂದಿಯ ಒಪ್ಪಿಗೆಗೆ ಮತವೆಂಬ ಹೆಸರು ಸಂದಿತು. ಇಲ್ಲವಾದರೆ ಅದು ಬರಿಯ ಜಯಘೋಷ.

ಆಕೆ ಲಾಭಕ್ಕಾಗಿ ಹೀಗೆ ಮಾಡಿದರೆನ್ನುವಂತೆಯೂ ಇಲ್ಲ. ಮೊದಲ ಮತದ ತರುವಾಯ, 1918ರಲ್ಲಿ, ಸೆನೆಟ್ಟಿಗೆ ಸ್ಪರ್ಧಿಸಿ ಸೋತಿದ್ದರು. ಎರಡನೆಯ ಮತದ ಬಳಿಕ 1942ರಲ್ಲಿ ಚುನಾವಣೆಗೆ ನಿಲ್ಲಲೇ ಇಲ್ಲ. ಮುಂದೆ ಗಾಂಧೀಜಿಯವರ ಮಾರ್ಗವನ್ನರಿಯಲು ಭಾರತಕ್ಕೆ ಹಲವು ಸಲ ಬಂದರು. 1968ರಲ್ಲಿ, 87ರ ಮುಪ್ಪಿನಲ್ಲಿ, ವಿಯೆಟ್ನಾಮ್ ಯುದ್ಧವನ್ನು ವಿರೋಧಿಸಿ ಸಾವಿರಾರು ಸ್ತ್ರೀಯರೊಡನೆ ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ನಡೆದರು.

1973ರಲ್ಲಿ ಆಕೆ ತೀರಿಕೊಂಡರು. 1985ರಲ್ಲಿ ಅದೇ ಕಾಂಗ್ರೆಸ್ಸಿನ ಭವನದಲ್ಲಿ ಆಕೆಯ ಪ್ರತಿಮೆಯು ಸ್ಥಾಪಿತವಾಯಿತು. ಯುದ್ಧಕ್ಕೆ ಮತ ಕೊಡಲಾರೆನೆಂಬ ಮಾತನ್ನೇ ಅದರ ಪೀಠದಲ್ಲಿ ಕೆತ್ತಿದರು. ಪ್ರತಿಮೆಗೆ ಕೈಮುಗಿಯುವವರು, ತಮ್ಮ ತಮ್ಮ ಸಭೆಗಳಲ್ಲಿ ಒಂಟಿಯಾಗಿ ಎದ್ದು ನಿಂತವರ ಮಾತು ಮುಗಿಯುವವರೆಗೆ ಸುಮ್ಮನೆ ಕುಳಿತಿರುವುದನ್ನು ಮೊದಲು ಅಭ್ಯಾಸ ಮಾಡಲಿ.