ಹಣೆಬರಹ ಬೇರೆ, ನಿರಾಶೆ ಬೇರೆ

ಬೋರ್‌ವೆಲ್ ಫೇಲಾದ ರೈತರು ‘ನಮ್ಮ ಹಣೇಲಿ ಬರೆದಿಲ್ಲ ಬಿಡಿ’ ಎನ್ನುತ್ತಾರೆ. ಪರೀಕ್ಷೆಗೆ ಇನ್ನೂ ತಿಂಗಳಿರುವಾಗಲೇ ಹುಡುಗನೊಬ್ಬ ‘ನಾನು ಪಾಸಾಗಲ್ಲ’ ಎಂದು ಪುಸ್ತಕ ಮುಚ್ಚುತ್ತಾನೆ. ಮತಗಟ್ಟೆಯತ್ತ ತಲೆ ಹಾಕದವರು ‘ಯಾರು ಬಂದರೂ ಅಷ್ಟೇ’ ಎಂದು ಕೈಚೆಲ್ಲುತ್ತಾರೆ. ಈ ಮೂವರಿಗೂ ನಾವು ‘ನಿರಾಶಾವಾದಿ’ ಎಂಬ ಒಂದೇ ಹಣೆಪಟ್ಟಿ ಅಂಟಿಸುತ್ತೇವೆ. ಆದರೆ ಮೂವರ ಮಾತಿನ ಒಳಗಿರುವ ನಂಬಿಕೆ ಒಂದೇ ಅಲ್ಲ. ಆದ್ದರಿಂದ ಅವರಿಗೆ ಹೇಳಬೇಕಾದ ಉತ್ತರವೂ ಒಂದೇ ಆಗಲಾರದು.

ರೈತರದು ವಿಧಿವಾದ: ಆಗುವುದೆಲ್ಲ ಮೊದಲೇ ನಿಶ್ಚಯವಾಗಿದೆ ಎಂಬ ನಂಬಿಕೆ. ಉತ್ತರ ಕರ್ನಾಟಕದಲ್ಲಿ ಇದೇ ‘ನಸೀಬು’. ಭಾರತದಲ್ಲಿ ಇದನ್ನು ತುತ್ತತುದಿಗೆ ಒಯ್ದವರು ಆಜೀವಿಕರು. ಬುದ್ಧ, ಮಹಾವೀರರ ಸಮಕಾಲೀನನಾದ ಮಕ್ಖಲಿ ಗೋಸಾಲ, ಎಲ್ಲವೂ ನಿಯತಿಯಂತೆ ನಡೆಯುತ್ತದೆ, ಮನುಷ್ಯಪ್ರಯತ್ನದಿಂದ ಏನೂ ಬದಲಾಗದು ಎಂದು ಬೋಧಿಸಿದ. ಬೌದ್ಧರೂ ಜೈನರೂ ಇದನ್ನು ಕಟುವಾಗಿ ಖಂಡಿಸಿದರು. ಆದರೆ ವಿಧಿವಾದ ‘ನಿಶ್ಚಯವಾಗಿದೆ’ ಎನ್ನುತ್ತದೆಯೇ ಹೊರತು ‘ಕೆಟ್ಟದ್ದೇ ಆಗುತ್ತದೆ’ ಎನ್ನುವುದಿಲ್ಲ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?’ ಎಂಬ ಗಾದೆಯೂ ಭಾರವನ್ನು ದೇವರ ಮೇಲೆಯೇ ಹಾಕುತ್ತದೆ. ಆದರೆ ಅದರ ತುಂಬ ಭರವಸೆಯಿದೆ.

ಹುಡುಗನದು ನಿರಾಶಾವಾದ. ಯಾರು ಬರೆದಿದ್ದಾರೆ, ಎಲ್ಲಿ ಬರೆದಿದ್ದಾರೆ ಎಂಬ ಗೊಡವೆ ಅದಕ್ಕಿಲ್ಲ. ಕೊನೆಗೆ ಕೆಡುಕೇ ಕಾದಿದೆ ಎಂಬ ಎಣಿಕೆ ಮಾತ್ರ. ‘ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು’ ಎಂಬುದು ಇದರದೇ ದನಿ. ಮೂರನೆಯದು ಸಿನಿಕತನ. ಅದರ ತಕರಾರು ವಿಧಿಯ ಮೇಲಲ್ಲ, ಮನುಷ್ಯರ ಮೇಲೆ: ಎಲ್ಲರೂ ಸ್ವಾರ್ಥಿಗಳು, ಒಳ್ಳೆಯ ಮಾತೆಲ್ಲ ನಾಟಕ ಎಂಬ ಅಪನಂಬಿಕೆ.

ಈ ಸಾಲಿನಲ್ಲಿ ಅತಿ ಹೆಚ್ಚು ದುರುಪಯೋಗವಾಗಿರುವುದು ‘ಕರ್ಮ’. ‘ಎಲ್ಲಾ ನನ್ನ ಕರ್ಮ’ ಎಂದು ಹಣೆ ಚಚ್ಚಿಕೊಳ್ಳುವಾಗ ನಾವು ಅದನ್ನು ವಿಧಿ ಎಂದೇ ತಿಳಿಯುತ್ತೇವೆ. ಆದರೆ ಶಾಸ್ತ್ರ ಕರ್ಮವನ್ನು ಮೂರಾಗಿ ವಿಂಗಡಿಸುತ್ತದೆ: ಕೂಡಿಟ್ಟದ್ದು ಸಂಚಿತ, ಈಗ ಫಲ ಕೊಡುತ್ತಿರುವುದು ಪ್ರಾರಬ್ಧ, ಈಗ ಮಾಡುತ್ತಿದ್ದು ಮುಂದೆ ಫಲ ಕೊಡುವುದು ಆಗಾಮಿ. ಮೂರನೆಯದು ನಮ್ಮ ಕೈಯಲ್ಲೇ ಇದೆ. ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ, ದೈವವೆಂಬುದು ಹಿಂದಿನ ಪುರುಷಪ್ರಯತ್ನವೇ ಹೊರತು ಬೇರೇನಲ್ಲ ಎಂದು ವಾದಿಸುತ್ತಾರೆ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತಿನ ಒತ್ತು ಕೂಡ ‘ಮಾಡಿದ್ದು’ ಎಂಬುದರ ಮೇಲಿದೆ.

ಹಾಗಾದರೆ ಕೈಚೆಲ್ಲುವ ಸ್ವಭಾವ ಬರುವುದೆಲ್ಲಿಂದ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿದ್ದರು. ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ತಿಂದಿದ್ದ ನಾಯಿಗಳಲ್ಲಿ ಅನೇಕವು, ಮುಂದೆ ದಾರಿ ತೆರೆದಿದ್ದಾಗಲೂ ಕದಲದೆ ಬಿದ್ದುಕೊಂಡಿದ್ದವು. ಅಸಹಾಯಕತೆಯನ್ನು ಅವು ಕಲಿತಿವೆ ಎಂದು ಆಗ ಇಬ್ಬರೂ ತೀರ್ಮಾನಿಸಿದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮಿದುಳಿನ ಅಧ್ಯಯನಗಳ ಆಧಾರದ ಮೇಲೆ ಆ ತೀರ್ಮಾನವನ್ನು ಅವರೇ ತಿರುಗಿಸಿದರು: ದೀರ್ಘ ಸಂಕಟದಲ್ಲಿ ನಿಷ್ಕ್ರಿಯವಾಗುವುದು ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ‘ಇದು ನನ್ನ ಹಿಡಿತದಲ್ಲಿದೆ’ ಎಂಬುದನ್ನು. ಹಾಗಾಗಿ ಆ ಹುಡುಗನಿಗೆ ಉಪದೇಶಕ್ಕಿಂತ, ಅವನು ತಾನೇ ಬಿಡಿಸಬಲ್ಲ ನಾಲ್ಕು ಲೆಕ್ಕ ಹೆಚ್ಚು ಉಪಕಾರಿ.

ಮಾತನ್ನು ಯಾವಾಗ ಆಡುತ್ತೇವೆ ಎಂಬುದೂ ಮುಖ್ಯ. ನೀರು ಬಾರದ ಮೇಲೆ ‘ಹಣೆಬರಹ’ ಎನ್ನುವುದು ಸಮಾಧಾನ. ಅದನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ. ಮಳೆನೀರು ಇಂಗಿಸುವ ಮೊದಲೇ ಹಾಗೆಂದರೆ ಅದು ನೆಪ.

ಇನ್ನೊಂದು ಮಾತು. ‘ಇನ್ನೇನೂ ಉಳಿದಿಲ್ಲ’ ಎಂಬ ಭಾವ ವಾರಗಟ್ಟಲೆ ಬಿಡದೆ, ಊಟ, ನಿದ್ದೆ ಕೆಡಿಸುತ್ತಿದ್ದರೆ ಅದನ್ನು ಸ್ವಭಾವವೆಂದು ತಳ್ಳಿಹಾಕಬೇಡಿ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.