ಗೈಡಿನಲ್ಲಿಲ್ಲದ ಇಂಗ್ಲಿಷ್



ಪರೀಕ್ಷೆ ಬಂತೆಂದರೆ ಹಾಸ್ಟೆಲಿನಲ್ಲಿ ನಾವೆಲ್ಲ ಗೈಡು ಹಿಡಿದು ಇಂಗ್ಲಿಷ್ ನುಡಿಗಟ್ಟು ಉರು ಹೊಡೀತೀವಿ. ಬೆಕ್ಕು ನಾಯಿ ಸುರಿದರೆ ಜೋರು ಮಳೆ. ಎರಡು ಮಾರ್ಕು ಸಿಕ್ಕಿತು, ಮರೆತೂ ಆಯಿತು. ನಮ್ಮ ಅನ್ನವನ್ನು ತೀರ್ಮಾನ ಮಾಡೋ ಮಾತುಗಳು ಮಾತ್ರ ಆ ಗೈಡಿನಲ್ಲಿರಲ್ಲ.

'ನಾಟ್ ಫೌಂಡ್ ಸೂಟಬಲ್' ಅನ್ನೋದನ್ನೇ ನೋಡಿ. ಯೋಗ್ಯರೆಂದು ಕಂಡುಬರಲಿಲ್ಲವಂತೆ. ಯಾರ ಕಣ್ಣಿಗೆ? ವಾಕ್ಯದಲ್ಲಿ ಕರ್ತೃವೇ ಇಲ್ಲ! ಸಂದರ್ಶನಕ್ಕೆ ಓದಿದೋರು ಬಂದಿದ್ದರೂ ಈ ಮೂರು ಪದ ಗೀಚಿ ಮೀಸಲು ಹುದ್ದೆಯನ್ನು ಖಾಲಿ ಬಿಡಬಹುದು. ಹಾಗೆ ಖಾಲಿ ಬಿದ್ದದ್ದಕ್ಕೆ ಹೆಸರು 'ಬ್ಯಾಕ್‌ಲಾಗ್'. ಹಿಂದಿನ ಕಾಲದ ಇಂಗ್ಲಿಷರ ಮನೆಯಲ್ಲಿ ಅದು ಬೆಂಕಿ ಆರದಿರಲಿ ಅಂತ ಒಲೆಯ ಹಿಂಬದಿಗೆ ಇಡುತ್ತಿದ್ದ ದಪ್ಪ ಕೊರಡು. ನಮ್ಮ ಪಾಲಿಗೆ ಕೊರಡಷ್ಟೇ, ಬೆಂಕಿಯಿಲ್ಲ. ಇದಕ್ಕೆಲ್ಲ ರುಜು ಹಾಕೋನು 'ಕಾಂಪಿಟೆಂಟ್ ಅಥಾರಿಟಿ'. ಬುದ್ಧಿವಂತ ಅಂತಲ್ಲ ಮತ್ತೆ, ಕಾನೂನು ಅಧಿಕಾರ ಕೊಟ್ಟಿರೋನು, ಅಷ್ಟೆ.

ಇಂಗ್ಲಿಷ್ ಪತ್ರಿಕೆಗಳು 'ಪರಾಯ ಸ್ಟೇಟ್' ಅಂತ ಬರೀತವೆ. ಜಗತ್ತು ದೂರವಿಟ್ಟ ದೇಶ ಅಂತ ಅರ್ಥ. ಈ ಪದ ಎಲ್ಲಿಂದ ಹೋಯ್ತು ಗೊತ್ತಾ? ತಮಿಳು ನಾಡಿನ ಪರೈಯರಿಂದ, ಪರೆ ಬಡಿಯೋ ನಮ್ಮ ಅಣ್ಣತಮ್ಮಂದಿರ ಹೆಸರಿಂದ. ಬೀದಿನಾಯಿಗೂ ಅದೇ ಹೆಸರು ಕಟ್ಟಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಇಂಗ್ಲಿಷ್ ನಿಘಂಟಿನಲ್ಲಿ ನಮ್ಮ ಜನರ ಹೆಸರಿಗೆ ಇವತ್ತಿಗೂ 'ಬಹಿಷ್ಕೃತ' ಅಂತಲೇ ಅರ್ಥ.

ಮೇಷ್ಟ್ರು ಈ ಪದದ ಅರ್ಥ ಬರೆಸೋವಾಗ ಎದ್ದು ನಿಂತು, ಇದನ್ನೂ ಬರೆಸಿ ಸಾರ್ ಅಂತ ಕೇಳೋಣ.